ದರೆಯ ಒಡತಿ

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಗೆ ಹೋದವರು ತ್ರಿಮೂರ್ತಿ ನಾರಾಯಣ ದೇಗುಲ ನೋಡುತ್ತಾರೆ, ಶಾಂತಿನಾಥ ಬಸದಿ ನೋಡುತ್ತಾರೆ. ನಾಗರಖಂಡವನ್ನು ಆಳಿದ ಜಕ್ಕಿಯಬ್ಬೆ ಸಲ್ಲೇಖನ ಕೈಗೊಂಡ ಊರದು, ನೋಡದೆ ಬರಬಾರದು. ಆದರೆ ಜೇಡದ ಹುಚ್ಚಿನವರು ದಾರಿಯಲ್ಲೇ ಇಳಿದುಬಿಡುತ್ತಾರೆ. ಅವರಿಗೆ ಬೇಕಾದದ್ದು ರಸ್ತೆ ಪಕ್ಕದ ಕೆಂಪು ದರೆ, ಕಡಿದ ಮಣ್ಣಿನ ಗೋಡೆ.

ಬಿಲ ತೋಡುವ ದೊಡ್ಡ ಜೇಡಗಳಲ್ಲಿ ಮಲೆಸೀಮೆಯ ಹೆಸರಾಂತ ಜಾತಿ ಥ್ರಿಗ್ಮೊಪಿಯಸ್ ಟ್ರುಕ್ಯುಲೆಂಟಸ್. ಪ್ರಾಣಿಶಾಸ್ತ್ರಜ್ಞ ಆರ್. ಐ. ಪೊಕಾಕ್ 1899ರಲ್ಲಿ ಹೆಸರಿಟ್ಟ ಇದು ಪಶ್ಚಿಮ ಘಟ್ಟದ್ದೇ ಸಂತತಿ. ಬಿಲದ ಒಳಗೋಡೆಗೆ ನೂಲಿನ ಅಸ್ತರಿ; ಬಾಯಿಯ ಸುತ್ತಲೂ ಮಾಸಲು ಬಿಳಿ ಬಲೆ, ಅದಕ್ಕಂಟಿದ ಒಣ ಎಲೆಚೂರು. ಕತ್ತಲಾದ ಮೇಲೆ ಹೆಣ್ಣು ಬಾಗಿಲಿಗೆ ಬಂದು ಕೂರುತ್ತದೆ. ಜಿರಲೆಯೋ ದುಂಬಿಯೋ ನೂಲು ತುಳಿದರೆ ಅದುರು ಕಾಲಿಗೆ ತಿಳಿಯುತ್ತದೆ; ಒಂದೇ ನೆಗೆತ, ಮತ್ತೆ ಒಳಗೆ.

ಇಲ್ಲೇ ಫೋಟೊ ಪಂಥದವರೊಂದಿಗೆ ನನ್ನ ಹಳೆಯ ಜಗಳ. ಹುಲ್ಲುಕಡ್ಡಿ ತೂರಿಸಿ, ಬಿಲಕ್ಕೆ ನೀರು ಹೊಯ್ದು ಜೇಡವನ್ನು ಹೊರಗೆಳೆದು, ಮುಂಗಾಲೆತ್ತಿ ನಿಂತ ಚಿತ್ರ ಹಾಕಿ 'ಎಷ್ಟು ರೋಷ!' ಎನ್ನುತ್ತಾರೆ. ಮನೆ ಕೆಡಿಸಿದರೆ ಯಾರಿಗೆ ರೋಷ ಬರುವುದಿಲ್ಲ? ಬಿಲವಿಲ್ಲದ ಬಿಲಜೇಡದ ಚಿತ್ರದಲ್ಲಿ ಅದರ ಬದುಕಿನ ಅರ್ಧ ಕಾಣುವುದೇ ಇಲ್ಲ.

ಈ ಜಗಳಕ್ಕಿಂತ ದರೆಯ ಮಾತೇ ದೊಡ್ಡದು. ಸೊರಬದ ಕಾನುಗಳ, ಅಂದರೆ ಊರವರು ಕಾಪಿಟ್ಟ ದಟ್ಟ ಕಾಡುಗಳ, ಬಗ್ಗೆ ಬ್ರಿಟಿಷರ ಕಾಲದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲೇ ವರದಿ ಬರೆದರು. ಕಾನಿಗೆ ಕಡತವಿದೆ, ದೇವರಿದ್ದಾನೆ, ಕಾವಲಿದೆ. ದರೆಗೆ ಯಾವುದೂ ಇಲ್ಲ. ರಸ್ತೆ ಅಗಲವಾಗಬೇಕೆಂದರೆ ಮೊದಲು ಜೆಸಿಬಿ ಏರುವುದು ಅದರ ಮೇಲೆ.

ಬಿಲಜೇಡಗಳ ಮರಿಗಳು ಗಾಳಿಯಲ್ಲಿ ನೂಲು ಬಿಟ್ಟು ದೂರ ಹಾರುವುದು ಅಪರೂಪ. ತಾಯಿಯ ಆಸುಪಾಸಿನಲ್ಲೇ ಬಿಲ ಹೂಡುತ್ತವೆ. ಹಾಗಾಗಿ ಹತ್ತು ಮಾರು ದರೆ ಹೋದರೆ ಒಂದು ವಠಾರವೇ ಹೋದಂತೆ. ಬಿಲವೆಂದರೆ ಇಡೀ ಬಾಳು: ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಜೇಡತಜ್ಞೆ ಬಾರ್ಬರಾ ಯಾರ್ಕ್ ಮೇನ್ 1974ರಿಂದ ಗಮನಿಸಿದ, ಬಿಲಕ್ಕೆ ಮುಚ್ಚಳ ಕಟ್ಟುವ '16ನೇ ನಂಬರ್' ಎಂಬ ಜೇಡ ಒಂದೇ ಬಿಲದಲ್ಲಿ 43 ವರ್ಷ ಬಾಳಿತು. 2016ರಲ್ಲಿ ಅದು ಸತ್ತದ್ದು ಮುಪ್ಪಿನಿಂದಲ್ಲ, ಪರಾವಲಂಬಿ ಕಣಜದ ದಾಳಿಗೆ.

ಶಿಕಾರಿಪುರ, ಸೊರಬದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮೂರ ರಸ್ತೆ ಅಗಲಿಸುವ ಸುದ್ದಿ ಬಂದರೆ, ಒಂದು ರಾತ್ರಿ ಟಾರ್ಚ್ ಹಿಡಿದು ದರೆ ನೋಡಿ ಬನ್ನಿ. ಬಿಲ ಕಂಡರೆ ಎದುರು ಬದಿಯನ್ನು ಕಡಿಯಲು ಎಂಜಿನಿಯರರಿಗೆ ಹೇಳಿ. ಹುಲ್ಲುಕಡ್ಡಿ ಮಾತ್ರ ಬೇಡ.