ಊರಲ್ಲೇ ಉಳಿಯುವ ಉಪದೇಶಿ

ಇಳಕಲ್‌ನಿಂದ ಪೂರ್ವಕ್ಕೆ ಹೊರಟು ರಾಯಚೂರು ಜಿಲ್ಲೆ ಹೊಕ್ಕರೆ ಮುದಗಲ್ ಸಿಗುತ್ತದೆ. ಅಲ್ಲಿಯ ಕ್ಯಾಥೊಲಿಕ್ ಚರ್ಚನ್ನು 1557ಕ್ಕೂ ಮೊದಲೇ ಜೆಸ್ವಿತ್ ಪಾದ್ರಿಗಳು ಕಟ್ಟಿದರೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಆದಿಲಶಾಹಿ ಕಾಲದ ಆ ಸಣ್ಣ ಸಮುದಾಯ ಇಂದಿಗೂ ಉಳಿದಿದೆ. ಇಂಥ ಉಳಿವಿನ ಶ್ರೇಯಸ್ಸು ಗೋವೆಯಿಂದ ಬಂದ ಗುರುಗಳಿಗಷ್ಟೇ ಅಲ್ಲ, ಹಳ್ಳಿಯ ಉಪದೇಶಿಗಳಿಗೂ ಸಲ್ಲಬೇಕು.

ಉಪದೇಶಿ ಗುರುದೀಕ್ಷೆ ಪಡೆದವರಲ್ಲ. ಹೆಂಡತಿ, ಮಕ್ಕಳು, ಹೊಲ ಎಲ್ಲ ಇರುವ ಸಂಸಾರಿ. ವಿಚಾರಣಾ ಗುರುಗಳು ವರ್ಗವಾಗಿ ಹೋಗುತ್ತಾರೆ, ಇವರು ಉಳಿಯುತ್ತಾರೆ. ಯಾರು ಹಾಸಿಗೆ ಹಿಡಿದಿದ್ದಾರೆ, ಯಾರು ದುಡಿಯಲು ದೂರ ಹೋಗಿದ್ದಾರೆ, ಯಾವ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ ಎಂಬುದು ಹೊಸ ಗುರುಗಳಿಗೆ ತಿಳಿಯುವುದು ಇವರಿಂದಲೇ. ಮಕ್ಕಳಿಗೆ ಜಪ ಕಲಿಸುತ್ತಾರೆ, ಸಂಜೆ ಜಪಮಾಲೆ ನಡೆಸುತ್ತಾರೆ, ಗುರುಗಳು ಬರಲಾಗದಿದ್ದರೆ ಮಣ್ಣಿನ ಹೊತ್ತಿಗೆ ಪ್ರಾರ್ಥನೆ ಹೇಳುತ್ತಾರೆ. ಕೂಸು ಸಾಯುವ ಹಾಗಿದ್ದರೆ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದೆಂಬುದು ಧರ್ಮಸಭೆಯ ನಿಯಮ. ಆದರೆ ನೀರು ಹೇಗೆ ಹೊಯ್ಯಬೇಕು, ಯಾವ ಮಾತು ತಪ್ಪಬಾರದು ಎಂದು ಊರಿನ ಹೆಂಗಸರಿಗೆ ಹೇಳಿಕೊಟ್ಟಿಡುವವರು ಬೇಕಲ್ಲ!

ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು ಅವರ ಕನ್ನಡದ ಕೆಲಸ. ಎರಡನೆಯ ವ್ಯಾಟಿಕನ್ ಮಹಾಸಭೆ (1962–65) ನಡೆಯುವ ತನಕ ಬಲಿಪೂಜೆ ಲ್ಯಾಟಿನ್‌ನಲ್ಲಿತ್ತು. ಆಗಲೂ ಅಕ್ಷರ ಬಾರದ ಜನ ಮನೆಯಲ್ಲಿ ಕನ್ನಡದಲ್ಲೇ ದೇವರನ್ನು ಕರೆಯುತ್ತಿದ್ದರು. ಉಪದೇಶಿ ಸಾಲುಸಾಲಾಗಿ ಹೇಳಿಕೊಟ್ಟದ್ದನ್ನು ಅವರು ಬಾಯಿಪಾಠ ಮಾಡಿಕೊಂಡಿದ್ದರು.

ಚರ್ಚುಗಳ ಗೋಡೆಯ ಮೇಲೆ ಸೇವೆ ಸಲ್ಲಿಸಿದ ಗುರುಗಳ ಹೆಸರುಗಳ ಫಲಕ ಇರುತ್ತದೆ. ಅದರ ಪಕ್ಕದಲ್ಲಿ ಉಪದೇಶಿಗಳ ಹೆಸರುಗಳನ್ನೂ ಬರೆಸಬೇಕು; ನೆನಪಿರುವ ಹಿರಿಯರು ಇನ್ನೂ ಇರುವಾಗಲೇ.