ಸಂಶೋಧಕರಿಗೆ ಸಂಖ್ಯಾಶಾಸ್ತ್ರದ ಶಿಕ್ಷಣ: ಒಂದು ವಿಮರ್ಶೆ

ಕಾಲೇಜು ಅಧ್ಯಾಪಕರಿಗೂ ಸಂಶೋಧನ ವಿದ್ಯಾರ್ಥಿಗಳಿಗೂ ಪರಿಮಾಣಾತ್ಮಕ ಸಂಶೋಧನೆಯ ವಿಧಾನಗಳನ್ನು ಕಲಿಸುವ ಶಿಬಿರಗಳು ನಮ್ಮ ದೇಶದಲ್ಲಿ ಈಗ ಹೇರಳವಾಗಿ ನಡೆಯುತ್ತಿವೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2009ರ ನಿಯಮಾವಳಿಯಿಂದ ಡಾಕ್ಟರೇಟ್ ಅಭ್ಯರ್ಥಿಗಳಿಗೆ ಸಂಶೋಧನ ವಿಧಾನದ ಪಾಠಕ್ರಮವನ್ನು ಕಡ್ಡಾಯಗೊಳಿಸಿತು. 2016 ಮತ್ತು 2022ರ ಪರಿಷ್ಕರಣಗಳಲ್ಲಿಯೂ ಅಂಥ ಪಾಠಕ್ರಮ ಉಳಿದುಕೊಂಡಿದೆ. ಭಾರತೀಯ ಸಮಾಜವಿಜ್ಞಾನ ಸಂಶೋಧನ ಮಂಡಳಿಯು ಇಂಥ ಅಲ್ಪಾವಧಿಯ ಶಿಬಿರಗಳಿಗೆ ಧನಸಹಾಯ ನೀಡುತ್ತ ಬಂದಿದೆ. ಇವುಗಳ ಅಗತ್ಯವನ್ನು ನಾವು ಪ್ರಶ್ನಿಸುವುದಿಲ್ಲ. ಪ್ರಶ್ನೆಯಿರುವುದು ಅಲ್ಲಿ ಏನನ್ನು ಮೊದಲು ಕಲಿಸುತ್ತಾರೆ, ಏನನ್ನು ಬಿಟ್ಟುಬಿಡುತ್ತಾರೆ ಎಂಬುದರಲ್ಲಿ.

ಈ ಬಗೆಯ ಶಿಕ್ಷಣಕ್ಕೆಲ್ಲ ಮೂಲಪುರುಷನೆಂದು ಹೇಳಬಹುದಾದವನು ರೊನಾಲ್ಡ್ ಫಿಷರ್. ರಾಥಮ್‌ಸ್ಟೆಡ್ ಕೃಷಿ ಸಂಶೋಧನ ಕೇಂದ್ರದಲ್ಲಿ ಕೆಲಸಮಾಡುತ್ತಿದ್ದಾಗ ಆತ ಸಂಶೋಧನ ಕಾರ್ಯಕರ್ತರಿಗಾಗಿಯೇ ಸಂಖ್ಯಾಶಾಸ್ತ್ರೀಯ ವಿಧಾನಗಳನ್ನು ಕುರಿತು ಬರೆದ ಗ್ರಂಥ 1925ರಲ್ಲಿ ಪ್ರಕಟವಾಯಿತು. ಅದು ಗಣಿತಜ್ಞರಿಗಾಗಿ ಬರೆದುದಲ್ಲ. ಪ್ರಮೇಯಗಳ ಸಾಧನೆಗಳನ್ನು ಕೈಬಿಟ್ಟು, ನಿಜವಾದ ಅಳತೆಗಳನ್ನು ಎದುರಿಗಿಟ್ಟುಕೊಂಡು, ಲೆಕ್ಕವನ್ನು ಹಂತಹಂತವಾಗಿ ಮಾಡಿ ತೋರಿಸುವುದು ಅದರ ಕ್ರಮ. ಸಂಭಾವ್ಯತೆ ಇಪ್ಪತ್ತರಲ್ಲಿ ಒಂದಕ್ಕಿಂತ, ಎಂದರೆ 0.05ಕ್ಕಿಂತ, ಕಡಮೆಯಾದರೆ ಫಲಿತಾಂಶವನ್ನು ಗಣನೀಯವೆಂದು ತಿಳಿಯುವುದು ಅನುಕೂಲ ಎಂಬ ಮಾತು ಪ್ರಚಾರಕ್ಕೆ ಬಂದುದು ಈ ಗ್ರಂಥದಿಂದ. ಆತ ಹೇಳಿದ್ದು ಅನುಕೂಲವೆಂದು ಮಾತ್ರ. ಅದು ವಿಧಿಯಾದುದು ಆಮೇಲೆ. 1956ರ ತನ್ನ ಇನ್ನೊಂದು ಗ್ರಂಥದಲ್ಲಿ ಫಿಷರನೇ, ಯಾವ ವಿಜ್ಞಾನಿಯೂ ಎಲ್ಲ ಸಂದರ್ಭಗಳಿಗೂ ಒಂದೇ ಮಿತಿಯನ್ನು ಹಿಡಿದು ಕೂರುವುದಿಲ್ಲವೆಂದು ಸ್ಪಷ್ಟಪಡಿಸಿದ್ದಾನೆ. ಆ ವೇಳೆಗೆ 0.05 ಅವನ ಕೈಮೀರಿ ಹೋಗಿತ್ತು.

ಅದೇ ಗ್ರಂಥದಲ್ಲಿ ಪೀಠಿಕೆಯ ಅಧ್ಯಾಯ ಮುಗಿದೊಡನೆ ಬರುವ ಎರಡನೆಯ ಅಧ್ಯಾಯ ಯಾವುದರ ಬಗ್ಗೆ? ನಕ್ಷೆಗಳ ಬಗ್ಗೆ. ಲೆಕ್ಕ ಹಾಕುವ ಮೊದಲು ಅಂಕಿಗಳನ್ನು ಬಿಡಿಸಿ ನೋಡಬೇಕೆಂಬುದು ಗ್ರಂಥಕಾರನ ಅಭಿಪ್ರಾಯ. ನಮ್ಮ ಶಿಬಿರಗಳು ಫಿಷರನಿಂದ ಕೋಷ್ಟಕಗಳನ್ನೂ 0.05ನ್ನೂ ತೆಗೆದುಕೊಂಡು ಎರಡನೆಯ ಅಧ್ಯಾಯವನ್ನು ಅಲ್ಲಿಯೇ ಬಿಟ್ಟುವು. ಇದರಿಂದ ಆಗುವ ನಷ್ಟವನ್ನು ಫ್ರಾನ್ಸಿಸ್ ಆನ್ಸ್‌ಕೂಂಬ್ 1973ರಲ್ಲಿ ಅತಿ ಸುಲಭವಾಗಿ ತೋರಿಸಿಕೊಟ್ಟನು. ಆತ ರಚಿಸಿದ ನಾಲ್ಕು ಅಂಕಿಗಣಗಳಲ್ಲಿ ಒಂದೊಂದರಲ್ಲಿಯೂ ಹನ್ನೊಂದು ಜೋಡಿಗಳಿವೆ. ನಾಲ್ಕರಲ್ಲಿಯೂ ಮೊದಲನೆಯ ಪರಿಮಾಣದ ಸರಾಸರಿ 9, ಎರಡನೆಯದರ ಸರಾಸರಿ 7.5, ಸಹಸಂಬಂಧ ಸುಮಾರು 0.82, ಹೊಂದಿಸಿದ ಸರಳರೇಖೆಯೂ ಒಂದೇ. ನಕ್ಷೆ ಬರೆದರೆ ಒಂದು ರೇಖೆಯ ಸುತ್ತ ಹರಡಿದ ಬಿಂದುಗಳು. ಇನ್ನೊಂದು ಬಾಗಿದ ಬಿಲ್ಲು. ಮೂರನೆಯದರಲ್ಲಿ ಒಂದೇ ಒಂದು ಬಿಂದು ದಾರಿ ತಪ್ಪಿದೆ. ನಾಲ್ಕನೆಯದರಲ್ಲಿ ಒಂದು ಬಿಂದು ಇಲ್ಲದಿದ್ದರೆ ಸಂಬಂಧವೆಂಬುದೇ ಇಲ್ಲ. ಯಂತ್ರ ಕೊಡುವ ಉತ್ತರವನ್ನು ಮಾತ್ರ ನಂಬುವವನಿಗೆ ಈ ನಾಲ್ಕೂ ಒಂದೇ.

ಈಗ ಶಿಬಿರದ ದಿನಚರಿಯನ್ನು ನೋಡೋಣ. ಮೊದಲ ದಿನ ಉದ್ಘಾಟನೆ ಮತ್ತು ಸಂಶೋಧನೆಯ ಮಹತ್ತ್ವವನ್ನು ಕುರಿತ ಉಪನ್ಯಾಸ. ಅನಂತರ ಗಣಕಯಂತ್ರದ ಮುಂದೆ ಕುಳಿತು ಯಾವ ಪಟ್ಟಿಯಲ್ಲಿ ಯಾವ ಗುಂಡಿಯನ್ನು ಒತ್ತಿದರೆ ಯಾವ ಪರೀಕ್ಷೆಯ ಫಲ ಬರುತ್ತದೆ ಎಂಬುದರ ಅಭ್ಯಾಸ. ಅಭ್ಯಾಸಕ್ಕೆ ಕೊಡುವ ಅಂಕಿಗಳು ಯಾರೋ ಹಿಂದೆಯೇ ತೊಳೆದು ಬಳಿದು ಇಟ್ಟವು. ಅವುಗಳಲ್ಲಿ ಬಿಟ್ಟುಹೋದ ಉತ್ತರವಿಲ್ಲ, ಎರಡು ಸಲ ಬರೆದ ಹೆಸರಿಲ್ಲ, ನೂರ ನಾಲ್ವತ್ತು ವರ್ಷದ ಮುದುಕನಿಲ್ಲ. ಶಿಬಿರಾರ್ಥಿ ಊರಿಗೆ ಹಿಂದಿರುಗಿ, ತನ್ನ ಕಾಲೇಜಿನಲ್ಲಿಯೇ ಕೈಗೆ ಸಿಕ್ಕ ಇನ್ನೂರು ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಹಂಚಿ, ಅದಕ್ಕೆ ಆ ಪರೀಕ್ಷೆಗಳನ್ನು ಪ್ರಯೋಗಿಸಿ, ಕರ್ನಾಟಕದ ಯುವಜನರ ಮನೋಧರ್ಮವನ್ನು ನಿರ್ಣಯಿಸುತ್ತಾನೆ. ಸಂಭಾವ್ಯತೆಯ ಪರೀಕ್ಷೆಗಳು ಯಾದೃಚ್ಛಿಕವಾಗಿ ಆರಿಸಿದ ಮಾದರಿಯನ್ನು ಆಧಾರವಾಗಿ ಉಳ್ಳವು. ಕೈಗೆ ಸಿಕ್ಕವರನ್ನು ಕೂರಿಸಿಕೊಂಡರೆ ಆ ಆಧಾರವೇ ಕುಸಿಯುತ್ತದೆ. ಸಂಭಾವ್ಯತೆಯ ಅಂಕಿಯು ಸಿದ್ಧಾಂತ ಸತ್ಯವಾಗಿರುವ ಸಾಧ್ಯತೆಯನ್ನಾಗಲಿ ಪರಿಣಾಮದ ಗಾತ್ರವನ್ನಾಗಲಿ ಅಳೆಯುವುದಿಲ್ಲವೆಂದು ಅಮೆರಿಕದ ಸಂಖ್ಯಾಶಾಸ್ತ್ರ ಸಂಘವು 2016ರಲ್ಲಿ ಒಂದು ಹೇಳಿಕೆಯನ್ನೇ ಹೊರಡಿಸಬೇಕಾಯಿತು.

ನಿಜವಾದ ಕಷ್ಟ ಪರೀಕ್ಷೆಗಿಂತ ಮುಂಚೆಯೇ ಇದೆ. ನಮ್ಮ ಪಹಣಿಯಿಂದಲೇ ಒಂದು ನಿದರ್ಶನ ಕೊಡಬಹುದು. ಎರಡು ಎಕರೆ ಇಪ್ಪತ್ತು ಗುಂಟೆ ಜಮೀನನ್ನು ರೈತನೂ ಗ್ರಾಮಲೆಕ್ಕಿಗನೂ 2-20 ಎಂದು ಬರೆಯುತ್ತಾರೆ. ಅದನ್ನು ಗಣಕಯಂತ್ರಕ್ಕೆ ಊಡಿಸುವವನು 2.20 ಎಂದು ಬರೆದರೆ, ಎಕರೆಗೆ ನಾಲ್ವತ್ತು ಗುಂಟೆಯೆಂಬುದನ್ನು ಅರಿಯದ ಯಂತ್ರವು ಎರಡೂವರೆ ಎಕರೆಯನ್ನು ಎರಡು ಎಕರೆ ಎಂಟು ಗುಂಟೆಯೆಂದು ಗ್ರಹಿಸುತ್ತದೆ. 2-39 ಎಂಬುದು ಮೂರು ಎಕರೆಗೆ ಒಂದು ಗುಂಟೆ ಕಡಮೆ. ಯಂತ್ರಕ್ಕೆ ಅದು ಎರಡೂವರೆ ಎಕರೆಯೂ ಅಲ್ಲ. ಇನ್ನು ಯಂತ್ರವು ಕೊನೆಯ ಸೊನ್ನೆಯನ್ನು ತಾನೇ ಅಳಿಸಿ 2.2 ಎಂದು ತೋರಿಸಿತೆಂದರೆ, ಇಪ್ಪತ್ತು ಗುಂಟೆಯೋ ಎರಡೇ ಗುಂಟೆಯೋ ತಿಳಿಯದು. ಇಲ್ಲಿನ ದೋಷ ಒಮ್ಮೆ ಹೆಚ್ಚು ಒಮ್ಮೆ ಕಡಮೆಯಾಗಿ ಸರಿದೂಗುವುದೂ ಇಲ್ಲ. ಗುಂಟೆಯನ್ನು ದಶಾಂಶವೆಂದು ಓದಿದಾಗಲೆಲ್ಲ ಹಿಡುವಳಿ ಕಿರಿದಾಗಿಯೇ ಕಾಣುತ್ತದೆ. ಸಣ್ಣ ಹಿಡುವಳಿದಾರನಿಗೆ ಅದು ಪ್ರಮಾಣದಲ್ಲಿ ಹೆಚ್ಚು. ಇಂಥ ಅಂಕಿಗಳ ಮೇಲೆ ಎಷ್ಟು ಸೂಕ್ಷ್ಮವಾದ ವಿಶ್ಲೇಷಣೆ ಮಾಡಿದರೂ ಫಲವೇನು? ಆದರೂ ಅಂಕಿಗಳ ಶೋಧನೆಗೆ ಒಂದು ಪೂರ್ಣ ದಿನವನ್ನು ಮೀಸಲಿಡುವ ಶಿಬಿರ ಅಪರೂಪ.

ಪ್ರಾಯೋಗಿಕ ಶಿಕ್ಷಣ ಹೇಗಿರಬಹುದೆಂಬುದಕ್ಕೆ ಈಚಿನ ಒಂದು ಪ್ರಸಂಗವನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಪ್ರಸಿದ್ಧ ಅರ್ಥಶಾಸ್ತ್ರಜ್ಞರು ಸರ್ಕಾರಗಳ ಸಾಲವನ್ನೂ ಆರ್ಥಿಕ ಬೆಳವಣಿಗೆಯನ್ನೂ ಕುರಿತು ಒಂದು ಲೇಖನ ಪ್ರಕಟಿಸಿದರು. ಸಾಲವು ರಾಷ್ಟ್ರೀಯ ಉತ್ಪನ್ನದ ಶೇಕಡಾ 90ನ್ನು ಮೀರಿದ ದೇಶಗಳಲ್ಲಿ, ಯುದ್ಧಾನಂತರದ ಅವಧಿಯಲ್ಲಿ, ಬೆಳವಣಿಗೆಯ ಸರಾಸರಿ ಸೊನ್ನೆಗಿಂತಲೂ ಕೆಳಗೆ, ಶೇಕಡಾ -0.1 ಎಂದು ಅದರಲ್ಲಿ ಕಂಡಿತ್ತು. ಸರ್ಕಾರದ ಖರ್ಚನ್ನು ಮೊಟಕುಗೊಳಿಸಬೇಕೆನ್ನುತ್ತಿದ್ದ ಯೂರೋಪ್ ಅಮೆರಿಕಗಳ ರಾಜಕಾರಣಿಗಳು ಈ ಲೇಖನವನ್ನು ಪದೇ ಪದೇ ಉದ್ಧರಿಸಿದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಹರ್ನ್‌ಡನ್ ಎಂಬ ಸಂಶೋಧನ ವಿದ್ಯಾರ್ಥಿಗೆ, ಪ್ರಕಟವಾದ ಯಾವುದಾದರೂ ಲೇಖನದ ಫಲಿತಾಂಶವನ್ನು ಮತ್ತೆ ಲೆಕ್ಕಹಾಕಿ ತರುವುದು ತರಗತಿಯ ಅಭ್ಯಾಸವಾಗಿತ್ತು. ಆತ ಈ ಲೇಖನವನ್ನು ಆರಿಸಿಕೊಂಡನು. ಲೆಕ್ಕ ಹೊಂದಲಿಲ್ಲ. ಲೇಖಕರನ್ನೇ ಕೇಳಿದಾಗ ಅವರು ತಮ್ಮ ಲೆಕ್ಕದ ಹಾಳೆಯನ್ನು ಕಳುಹಿಸಿಕೊಟ್ಟರು. ಇದು ಅವರ ಹಿರಿಮೆಯೆಂದೇ ಹೇಳಬೇಕು. ಸರಾಸರಿಯ ಸೂತ್ರವು ಕೊನೆಯ ಐದು ಸಾಲುಗಳನ್ನು ಒಳಗೊಂಡಿರಲಿಲ್ಲ. ಆಸ್ಟ್ರೇಲಿಯ, ಆಸ್ಟ್ರಿಯ, ಬೆಲ್ಜಿಯಂ, ಕೆನಡ, ಡೆನ್ಮಾರ್ಕ್ ಲೆಕ್ಕದಿಂದ ಹೊರಗೆ ಉಳಿದಿದ್ದವು. ಹರ್ನ್‌ಡನ್, ಮೈಕೆಲ್ ಆಶ್, ರಾಬರ್ಟ್ ಪಾಲಿನ್ ಈ ಮೂವರು 2013ರಲ್ಲಿ ಪ್ರಕಟಿಸಿದ ಪರಿಶೀಲನೆಯಂತೆ ಆ ಸರಾಸರಿ ಶೇಕಡಾ 2.2.

ಪತ್ರಿಕೆಗಳು ಸೂತ್ರದ ತಪ್ಪನ್ನೇ ದೊಡ್ಡದು ಮಾಡಿ ನಕ್ಕುವು. ಆದರೆ ವ್ಯತ್ಯಾಸದಲ್ಲಿ ಅದರ ಪಾಲು ಕಿರಿದು. ಹೆಚ್ಚಿನ ಪಾಲು ಬಂದುದು ಕೆಲವು ದೇಶಗಳ ಕೆಲವು ವರ್ಷಗಳನ್ನು ಬಿಟ್ಟುದರಿಂದ ಮತ್ತು ತೂಕ ಹಾಕಿದ ರೀತಿಯಿಂದ. ನ್ಯೂಜಿಲೆಂಡಿನ 1951ರ ಒಂದೇ ವರ್ಷದ -7.6ಕ್ಕೂ ಬ್ರಿಟನ್ನಿನ ಹತ್ತೊಂಬತ್ತು ವರ್ಷಗಳ ಸರಾಸರಿ 2.4ಕ್ಕೂ ಸಮಾನವಾದ ತೂಕ ದೊರೆತಿತ್ತು. ಇದು ಕೈತಪ್ಪಲ್ಲ, ವಿವೇಚನೆಯ ವಿಷಯ. ಮೂಲಲೇಖಕರು ಸೂತ್ರದ ದೋಷವನ್ನು ಒಪ್ಪಿಕೊಂಡು ತೂಕದ ಕ್ರಮವನ್ನು ಸಮರ್ಥಿಸಿಕೊಂಡರು. ಸಾಲ ಹೆಚ್ಚಾದಾಗ ಬೆಳವಣಿಗೆ ತಗ್ಗುತ್ತದೆಂಬ ತಮ್ಮ ಮುಖ್ಯವಾದವನ್ನು ಬಿಡಲಿಲ್ಲ. ಆ ವಾದದ ಜಯಾಪಜಯ ನಮಗೆ ಇಲ್ಲಿ ಪ್ರಸ್ತುತವಲ್ಲ. ಗುಂಡಿ ಒತ್ತುವುದನ್ನು ಕಲಿತವನಿಗೆ ಸೂತ್ರದ ತಪ್ಪು ಕಂಡೀತು. ತೂಕದ ಪ್ರಶ್ನೆ ಕಾಣಬೇಕಾದರೆ ಅಂಕಿಗಳೊಡನೆ ಬಹಳ ಹೊತ್ತು ಕುಳಿತಿರಬೇಕು.

ಇಂಥ ಶಿಕ್ಷಣ ನಮಗೆ ಪರಕೀಯವೆಂದು ಯಾರೂ ತಿಳಿಯಬೇಕಾಗಿಲ್ಲ. ಪ್ರಶಾಂತಚಂದ್ರ ಮಹಲನೋಬಿಸರು ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಗಳಲ್ಲಿ ಒಂದೇ ಪ್ರದೇಶದ ಎರಡು ಉಪಮಾದರಿಗಳನ್ನು ಎರಡು ಬೇರೆ ಬೇರೆ ತಂಡಗಳಿಂದ ಅಳೆಯಿಸುತ್ತಿದ್ದರು. ಎರಡರ ಉತ್ತರ ಹೊಂದದಿದ್ದರೆ ಮಾದರಿಯ ಏರುಪೇರು ಎಷ್ಟು, ಅಳೆದವರ ಲೋಪ ಎಷ್ಟು ಎಂಬ ಶೋಧನೆಗೆ ಅಲ್ಲಿಯೇ ಆರಂಭ. ಅವರು 1931ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ 1941ರಲ್ಲಿ ಶಿಕ್ಷಣಾರ್ಥಿಯಾಗಿ ಸೇರಿದವರು ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್. ಮುಂದೆ ಅವರು ಕೇಂಬ್ರಿಜ್‌ಗೆ ಹೋದುದು ಸೂಡಾನಿನ ಜೆಬೆಲ್ ಮೋಯದಲ್ಲಿ ಅಗೆದು ತೆಗೆದ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸುವ ಕೆಲಸಕ್ಕಾಗಿ. ಅಷ್ಟು ದೊಡ್ಡ ಗಣಿತಜ್ಞರೂ ತಲೆಬುರುಡೆಗಳ ಅಳತೆಯ ಪಟ್ಟಿಗಳ ನಡುವೆ ಕುಳಿತು ಕೆಲಸಮಾಡಿದರು.

ಹತ್ತು ದಿನಗಳಲ್ಲಿ ಇಷ್ಟೆಲ್ಲ ಸಾಧ್ಯವೇ ಎಂದು ವ್ಯವಸ್ಥಾಪಕರು ಕೇಳಬಹುದು. ಕಲಿಸಬೇಕಾದ ಪರೀಕ್ಷೆಗಳ ಸಂಖ್ಯೆಯನ್ನು ಮೂರಕ್ಕೋ ನಾಲ್ಕಕ್ಕೋ ಇಳಿಸಿದರೆ ಸಾಧ್ಯವೆಂದು ನಮಗೆ ತೋರುತ್ತದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮನೆವಾರು ಅಂಕಿಗಳು ಈಗ ಸಂಶೋಧಕರಿಗೆ ದೊರೆಯುತ್ತವೆ. ಅವುಗಳ ಪ್ರತಿ ಸಾಲಿನ ಜೊತೆಗೂ, ಆ ಮನೆ ಎಷ್ಟು ಮನೆಗಳ ಪ್ರತಿನಿಧಿ ಎಂಬುದನ್ನು ತಿಳಿಸುವ ಗುಣಕ ಇರುತ್ತದೆ. ಮೊದಲ ಮೂರು ದಿನ ಶಿಬಿರಾರ್ಥಿಗಳು ಒಂದು ಜಿಲ್ಲೆಯ ಸಾಲುಗಳನ್ನು ತೆಗೆದುಕೊಂಡು, ನಕ್ಷೆ ಬರೆದು, ಗುಣಕ ಬಳಸಿ ಒಮ್ಮೆ, ಬಳಸದೆ ಒಮ್ಮೆ ಸರಾಸರಿ ತೆಗೆಯಲಿ. ಎರಡರ ಅಂತರಕ್ಕೆ ಕಾರಣ ಬರೆಯಲಿ. ಆಮೇಲೆ ಇಬ್ಬಿಬ್ಬರಾಗಿ ಹತ್ತಿರದ ಹಳ್ಳಿಗೆ ಹೋಗಿ ಅದೇ ಇಪ್ಪತ್ತು ಮನೆಗಳ ಹಿಡುವಳಿಯನ್ನು ಪ್ರತ್ಯೇಕವಾಗಿ ಕೇಳಿ ಬರೆದುಕೊಂಡು ಬಂದು ತಾಳೆ ನೋಡಲಿ. ಕೊನೆಯ ವಾರದಲ್ಲಿ ಪ್ರತಿಯೊಬ್ಬರೂ ಪ್ರಕಟವಾದ ಒಂದು ಲೇಖನದ ಒಂದು ಕೋಷ್ಟಕವನ್ನು ಮೂಲ ಅಂಕಿಗಳಿಂದ ಮತ್ತೆ ಕಟ್ಟಲಿ. ಕಟ್ಟಲಾಗದಿದ್ದರೆ ಎಲ್ಲಿ ನಿಂತಿತೆಂಬುದನ್ನು ಎರಡು ಪುಟಗಳಲ್ಲಿ ವರದಿ ಮಾಡಲಿ, ಪ್ರಮಾಣಪತ್ರವನ್ನು ಆ ವರದಿಯನ್ನು ನೋಡಿ ಕೊಡಲಿ. ಇದಕ್ಕೆ ಬೇಕಾದ ಗಣಿತ ಪ್ರೌಢಶಾಲೆಯದು. ಬೇಕಾದ ಇನ್ನೊಂದು ವಸ್ತುವೆಂದರೆ ತಮ್ಮ ಲೇಖನದ ಹಿಂದಿನ ಲೆಕ್ಕದ ಹಾಳೆಗಳನ್ನು ಕೇಳಿದವರಿಗೆ ಕೊಡಲು ಸಿದ್ಧರಿರುವ ಅಧ್ಯಾಪಕರು. ಈ ವಿಭಾಗದವರು ಅದಕ್ಕೆ ಮೊದಲಿಗರಾಗಬೇಕೆಂದು ನಾವು ಸೂಚಿಸುತ್ತೇವೆ.