ಫೈರ್‌ಫ್ಲೈಗೆ ಚರಿತ್ರೆ ಇದೆ, ಪಲ್ಟಣದವರಿಗೆ ಹೆಸರೂ ಇಲ್ಲ

ಯುದ್ಧನೌಕೆಯ ಸೇವಾಚರಿತ್ರೆ ಬರೆಯುವುದರಲ್ಲಿ ಬ್ರಿಟಿಷರದು ಪಳಗಿದ ಕೈ. ಫೈರ್‌ಫ್ಲೈ ಎಂಬ ಪುಟ್ಟ ಗನ್‌ಬೋಟನ್ನೇ ತೆಗೆದುಕೊಳ್ಳಿ. 1915ರಲ್ಲಿ ಸ್ಕಾಟ್ಲೆಂಡಿನಲ್ಲಿ ಬಿಡಿಭಾಗಗಳಾಗಿ ತಯಾರಾಗಿ, ಅಬಾದಾನಿನಲ್ಲಿ ಜೋಡಣೆಗೊಂಡು, ಮೊದಲ ಮಹಾಯುದ್ಧಕ್ಕಾಗಿ ಇರಾಕಿನ ಟೈಗ್ರಿಸ್ ನದಿಗಿಳಿದ ಹಡಗು ಅದು. ತೇಲಲು ಅದಕ್ಕೆ ಕೆಲವೇ ಅಡಿ ನೀರು ಸಾಕು. ಬೇಸಿಗೆಯಲ್ಲಿ ಕೃಷ್ಣೆಗಿಳಿದವನ ಸೊಂಟಮಟ್ಟದ ನೀರು.

ತುರ್ಕರೊಡನೆ ನಡೆದ ಟೆಸಿಫಾನ್ ಕದನದ ನಂತರ ಬ್ರಿಟಿಷರ ಸೈನ್ಯ ಹಿಂದೆ ಸರಿಯುತ್ತಿತ್ತು. 1915ರ ಡಿಸೆಂಬರ್ 1ರ ಬೆಳಗಿಗೆ ಉಮ್ ಅತ್ ತುಬುಲ್‌ನಲ್ಲಿ ತುರ್ಕರ ಡೇರೆಗಳು ಎದುರಿಗೇ ಕಂಡವು. ಗನ್‌ಬೋಟುಗಳು ಗುಂಡಿನ ಮಳೆಗರೆದವು. ಅಷ್ಟರಲ್ಲಿ ಒಂದು ಗುಂಡು ಬಾಯ್ಲರಿಗೇ ಬಡಿದು ಫೈರ್‌ಫ್ಲೈ ನಿಂತುಬಿಟ್ಟಿತು. ಎಳೆದೊಯ್ಯಲು ಬಂದ ಕಾಮೆಟ್ ಎಂಬ ಹಡಗು ಕೂಡ ನೆಲಕ್ಕೆ ಕಚ್ಚಿಕೊಂಡಿತು. ಎರಡನ್ನೂ ಅಲ್ಲೇ ಬಿಟ್ಟು ಬರಬೇಕಾಯಿತು. ತುರ್ಕರು ಫೈರ್‌ಫ್ಲೈಗೆ ಬೇರೆ ಹೆಸರಿಟ್ಟು ಬಳಸಿದರು. 1917ರ ಫೆಬ್ರವರಿ 26ರಂದು ಬ್ರಿಟಿಷರು ಅದನ್ನು ಮರಳಿ ಹಿಡಿದರು. ಇಷ್ಟೆಲ್ಲ ದಿನಾಂಕ ಸಮೇತ ಸಿಗುತ್ತದೆ. ಈ ಶಿಸ್ತನ್ನು ನಾನು ಮನಸಾರೆ ಮೆಚ್ಚುತ್ತೇನೆ.

ನನ್ನ ತಕರಾರು ದಡದ ಮೇಲಿದ್ದವರ ವಿಚಾರದಲ್ಲಿ. ಅದೇ ಹಿಮ್ಮೆಟ್ಟುವಿಕೆಯಲ್ಲಿ 103, 110 ಮತ್ತು 117ನೇ ಮರಾಠಾ ಪಲ್ಟಣಗಳು ಕಾಲ್ನಡಿಗೆಯಲ್ಲಿ ಕುತ್ ಪಟ್ಟಣ ಸೇರಿದವು. ಅಲ್ಲಿ ತುರ್ಕರಿಂದ 147 ದಿನಗಳ ಮುತ್ತಿಗೆ. ಧರ್ಮಕ್ಕಂಜಿ ಅನೇಕ ಭಾರತೀಯ ಸಿಪಾಯಿಗಳು ಕುದುರೆ ಮಾಂಸ ಮುಟ್ಟಲಿಲ್ಲ, ಸೊರಗಿ ಹೋದರು. 1916ರ ಏಪ್ರಿಲ್ 29ರಂದು ಸುಮಾರು 13,000 ಜನ ಶರಣಾದರು. ಆಮೇಲಿನ ಸೆರೆಯಲ್ಲಿ ಸಾವಿರಾರು ಜನ ಸತ್ತರು. ಹಡಗಿನ ಚರಿತ್ರೆಯಲ್ಲಿ ಇವರು ಬರೀ ‘ಪಡೆಗಳು’.

ಬಾಯ್ಲರಿಗೆ ಬಿದ್ದ ಗುಂಡು ದಾಖಲಾಯಿತು, ಎದೆಗೆ ಬಿದ್ದದ್ದು ಆಗಲಿಲ್ಲ. 1929ರಲ್ಲಿ ಅನಾವರಣಗೊಂಡ ಬಸ್ರಾ ಸ್ಮಾರಕದ ಕಲ್ಲಿನ ಮೇಲೂ ಬ್ರಿಟಿಷ್ ಸೈನಿಕರಿಗೆ, ಭಾರತೀಯ ಅಧಿಕಾರಿಗಳಿಗೆ ಹೆಸರಿದೆ. ಭಾರತೀಯ ಸಿಪಾಯಿಗಳಿಗೆ ಪಲ್ಟಣದ ಲೆಕ್ಕದಲ್ಲಿ ಒಂದು ಸಂಖ್ಯೆ. ಸ್ಮಾರಕಗಳನ್ನು ನೋಡಿಕೊಳ್ಳುವ ಆಯೋಗವೇ 2021ರಲ್ಲಿ ಇಂಥ ತಾರತಮ್ಯಕ್ಕೆ ಕ್ಷಮೆ ಕೇಳಿತು. ಹೆಸರುಗಳು ಕಳೆದುಹೋದದ್ದಲ್ಲ, ಕೆತ್ತುವುದು ಬೇಡವೆಂದು ಬಿಟ್ಟದ್ದು. ತೊಂಬತ್ತೆಂಟು ಟನ್ನಿನ ಕಬ್ಬಿಣಕ್ಕೆ ಸಿಕ್ಕ ಮರ್ಯಾದೆ ಮನುಷ್ಯನಿಗೆ ಸಿಗದ ಈ ಚರಿತ್ರೆಯನ್ನು ಪೂರ್ಣವೆಂದು ನಾನು ಒಪ್ಪಲಾರೆ.

ಕೊರತೆ ತುಂಬುವ ಕೆಲಸ ಲಂಡನ್ನಿನಿಂದ ಆಗಲಾರದು. ಆ ಪಲ್ಟಣಗಳು 1922ರಲ್ಲಿ ಐದನೇ ಮರಾಠಾ ಲೈಟ್ ಇನ್‌ಫಂಟ್ರಿಯಲ್ಲಿ ಸೇರಿದವು. ಆ ರೆಜಿಮೆಂಟಿನ ಕೇಂದ್ರ ಇಂದು ಬೆಳಗಾವಿಯಲ್ಲಿದೆ. ಬೇಡಗ, ಮಿರಜ, ಸಾಂಗ್ಲಿ ಕಡೆಯ ಮನೆಗಳಲ್ಲಿ ಮುತ್ತಜ್ಜನಿಗೆ ಆ ಯುದ್ಧಕ್ಕಾಗಿ ಸಿಕ್ಕ ಬೆಳ್ಳಿ ಪದಕವಿದ್ದರೆ ಅದರ ಅಂಚನ್ನು ತಿರುಗಿಸಿ ನೋಡಿ. ನಂಬರು, ಹೆಸರು, ಪಲ್ಟಣ ಅಲ್ಲಿ ಅಚ್ಚಾಗಿರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಮನೆಯ ಹಿರಿಯರಿಗೆ ನೆನಪಿರುವುದನ್ನೂ ಅದರ ಕೆಳಗೇ ಸೇರಿಸಿ.